"ಆಯ್ತು" ಅಂದರೆ ಮುಗೀತು ಅಂತಾನಾ, ಮಾಡ್ತೀನಿ ಅಂತಾನಾ? ಆಫೀಸಿನ ಮಾತು ಎಲ್ಲಿ ತಪ್ಪುತ್ತೆ?

ಹೊಸ ಟೀಮ್ ಲೀಡ್

ಎಲ್ಲರಿಗೂ ನಮಸ್ಕಾರ. ನಾನು ಟೀಮ್ ಲೀಡ್ ಆಗಿ ಆರು ತಿಂಗಳಾಯಿತು. ಕೆಲಸ ಗೊತ್ತು, ಜನರಿಂದ ಕೆಲಸ ಮಾಡಿಸುವುದು ಹೊಸದು. ಹೋದ ವಾರ ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ನಿಮ್ಮ ಅಭಿಪ್ರಾಯ ಬೇಕು.

ಮಧ್ಯಾಹ್ನ 3 ಗಂಟೆಗೆ ಟೀಮಿನ ಒಬ್ಬರಿಗೆ ಚಾಟ್‌ನಲ್ಲಿ ಹೀಗೆ ಬರೆದೆ: "ಕೊನೆಯ ಎರಡು ಕಾಲಂ ಇನ್ನೊಂದ್ಸಲ ನೋಡಿ ತಿದ್ದಿಬಿಡಿ. ಇವತ್ತೇ ಕಸ್ಟಮರ್‌ಗೆ ಹೋಗಬೇಕು." 4 ಗಂಟೆಗೆ ಉತ್ತರ ಬಂತು: "ಆಯ್ತು ಮೇಡಂ." ಕೇಳಿದ ಒಂದು ಗಂಟೆಗೆ "ಆಯ್ತು" ಅಂತ ಬಂದರೆ ಯಾರಾದರೂ ಏನು ತಿಳಿಯುತ್ತಾರೆ? ಮುಗೀತು ಅಂತ ತಾನೇ? ನಾನೂ ಹಾಗೇ ತಿಳಿದೆ. ಸಂಜೆ ಮ್ಯಾನೇಜರ್ ಕೇಳಿದರು. "ಹೋಗಿದೆ ಸರ್" ಅಂದೆ.

ಮರುದಿನ ಬೆಳಗ್ಗೆ ಕಸ್ಟಮರ್ ಕಡೆಯಿಂದ ನೇರವಾಗಿ ಮ್ಯಾನೇಜರ್‌ಗೇ ಫೋನ್. ಫೈಲ್ ಬಂದಿಲ್ಲ.

ವಿಚಾರಿಸಿದರೆ, ಆ ಹುಡುಗ 4 ಗಂಟೆವರೆಗೆ ಬೇರೆ ಮೀಟಿಂಗಿನಲ್ಲಿದ್ದ. ಹೊರಗೆ ಬಂದ ಮೇಲೆ ನನ್ನ ಮೆಸೇಜ್ ನೋಡಿದ್ದಾನೆ. "ಆಯ್ತು" ಅಂದರೆ "ಸರಿ, ಮಾಡ್ತೀನಿ" ಅಂತ. ಆಮೇಲೆ ಕೂತು 7 ಗಂಟೆಗೆ ತಿದ್ದಿ ಮುಗಿಸಿ, ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಹಾಕಿದ್ದಾನೆ. "ಕಸ್ಟಮರ್‌ಗೆ ಮೇಡಂ ಕಳಿಸ್ತಾರೆ" ಅಂತ ಅವನ ಲೆಕ್ಕ. ಫೈಲ್ ರಾತ್ರಿಯಿಡೀ ಅಲ್ಲೇ ಸಿದ್ಧವಾಗಿ ಕೂತಿತ್ತು. ಯಾರೂ ಕಳಿಸಲಿಲ್ಲ.

ಈಗ ನಾನು ಸುಳ್ಳು ಹೇಳಿದ ಹಾಗಾಯಿತು, ಅವನು ಸೋಮಾರಿ ಅನ್ನಿಸಿಕೊಂಡ. ಮ್ಯಾನೇಜರ್ ನಮ್ಮಿಬ್ಬರಿಗೂ ಕಮ್ಯುನಿಕೇಶನ್ ತರಬೇತಿಗೆ ಹೋಗಿ ಅಂದಿದ್ದಾರೆ. ನಾನು ಚೆನ್ನಾಗಿಯೇ ಮಾತಾಡುತ್ತೇನೆ, ಬರೆಯುತ್ತೇನೆ. ಹಾಗಾದರೆ ತಪ್ಪಿದ್ದೆಲ್ಲಿ?

ರಾತ್ರಿ ಪಾಳಿ

ಮೇಡಂ, ನಾನು ನರ್ಸ್. ವಾರ್ಡಿನಲ್ಲಿ ನಮಗೆ ಮೊದಲು ಕಲಿಸುವ ಪಾಠವೇ ನಿಮ್ಮ ಪ್ರಶ್ನೆಗೆ ಉತ್ತರ.

ರಾತ್ರಿ ಡಾಕ್ಟರು ಫೋನಿನಲ್ಲಿ ಒಂದು ಔಷಧಿ ಹೇಳುತ್ತಾರೆ ಅಂದುಕೊಳ್ಳಿ. ನಾವು "ಸರಿ ಡಾಕ್ಟರ್" ಅಂತ ಫೋನ್ ಇಡುವುದಿಲ್ಲ. ಕೇಳಿದ್ದನ್ನು ಬರೆದುಕೊಳ್ಳುತ್ತೇವೆ. ಬರೆದದ್ದನ್ನು ಅವರಿಗೇ ಓದಿ ಹೇಳುತ್ತೇವೆ: ರೋಗಿಯ ಹೆಸರು, ಔಷಧಿ, ಎಷ್ಟು, ಎಷ್ಟು ಹೊತ್ತಿಗೊಮ್ಮೆ. ಅವರು "ಹೌದು, ಸರಿ ಇದೆ" ಅಂದ ಮೇಲೇ ಮಾತು ಮುಗಿಯುವುದು. ಅಂಕಿಗಳಲ್ಲಂತೂ ಇನ್ನೂ ಜಾಸ್ತಿ ಎಚ್ಚರ. ಫೋನಿನಲ್ಲಿ ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಎರಡೂ ಒಂದೇ ತರಹ ಕೇಳಿಸುತ್ತವೆ. ಅದಕ್ಕೆ "ಒನ್ ಫೈವ್" ಅಂತ ಬಿಡಿಸಿ ಹೇಳಬೇಕು. 15 ಕೊಡಬೇಕಾದ ಕಡೆ 50 ಕೊಟ್ಟರೆ ಏನಾಗಬಹುದು, ಯೋಚಿಸಿ.

ನಿಮ್ಮ ವಿಷಯದಲ್ಲಿ ತಿರುಗಿ ಹೇಳುವ ಆ ಹೆಜ್ಜೆಯೇ ಇರಲಿಲ್ಲ. ನೀವು ಹೇಳಿದಿರಿ, ಅವರು "ಆಯ್ತು" ಅಂದರು. ಏನು ಆಯ್ತು ಅಂತ ಇಬ್ಬರೂ ಹೇಳಲಿಲ್ಲ.

ರನ್‌ವೇ

ವಿಮಾನಯಾನದ ಬಗ್ಗೆ ಓದುವುದು ನನ್ನ ಹವ್ಯಾಸ. ನಿಮ್ಮ "ಆಯ್ತು" ಕೇಳಿ ತಕ್ಷಣ ನೆನಪಾದದ್ದು ಟೆನೆರೀಫ್.

1977ರ ಮಾರ್ಚ್ 27. ಕೆನರಿ ದ್ವೀಪಗಳ ಟೆನೆರೀಫ್ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747: ಒಂದು ಕೆಎಲ್ಎಂ ಕಂಪನಿಯದು, ಇನ್ನೊಂದು ಪ್ಯಾನ್ ಆಮ್ ಕಂಪನಿಯದು. ಕೆಎಲ್ಎಂ ವಿಮಾನಕ್ಕೆ ಮೇಲೆ ಹೋದ ಮೇಲೆ ಯಾವ ದಾರಿ ಹಿಡಿಯಬೇಕು ಅಂತ ಹೇಳಿದ್ದರು. ಹೊರಡಲು ಅನುಮತಿ ಇನ್ನೂ ಕೊಟ್ಟಿರಲಿಲ್ಲ. ಆದರೆ ಕ್ಯಾಪ್ಟನ್ ಆಗಲೇ ವೇಗ ಕೊಡಲು ಶುರು ಮಾಡಿದ್ದರು. ಅವರ ಕಡೆಯಿಂದ ರೇಡಿಯೋದಲ್ಲಿ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವ ಹಾಗೆ ಒಂದು ಮಾತು ಹೋಯಿತು. ಅದು "ಹೊರಡಲು ಸಿದ್ಧವಾಗಿ ನಿಂತಿದ್ದೇವೆ" ಅಂತಾನಾ, "ಹೊರಟೇಬಿಟ್ಟೆವು" ಅಂತಾನಾ? ನಿಲ್ದಾಣದಿಂದ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್, ವಿಮಾನದವರು ಸಿದ್ಧವಾಗಿ ನಿಂತಿದ್ದಾರೆ ಅಂತಲೇ ತಿಳಿದು "ಓಕೆ" ಅಂದರು. ಸ್ವಲ್ಪ ತಡೆದು "ಕಾಯಿರಿ, ನಾನು ಕರೆಯುತ್ತೇನೆ" ಅಂತಲೂ ಸೇರಿಸಿದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವರೂ ರೇಡಿಯೋದಲ್ಲಿ ಮಾತಾಡಿದರು. ಎರಡು ಮಾತೂ ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್ಟಿನಲ್ಲಿ ಬರೀ ಕೀಚಲು ಸದ್ದು. ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಒಂದೇ.

583 ಜನ ಸತ್ತರು.

ಎಲ್ಲರೂ ಅನುಭವಸ್ಥರು, ಎಲ್ಲರಿಗೂ ಭಾಷೆ ಗೊತ್ತಿತ್ತು. ಅಪಘಾತಕ್ಕೆ ಬೇರೆ ಕಾರಣಗಳೂ ಸೇರಿದ್ದವು. ಆದರೆ ಈ ಎರಡರ್ಥದ ಮಾತು ದೊಡ್ಡ ಪಾಠವಾಯಿತು. ಆಮೇಲೆ ನಿಯಮ ಬಿಗಿಯಾಯಿತು. ಟೇಕಾಫ್ ಅನ್ನುವ ಪದವನ್ನು ಹೊರಡಲು ಅನುಮತಿ ಕೊಡುವಾಗ ಅಥವಾ ಆ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಬೇರೆ ಎಲ್ಲ ಸಂದರ್ಭಕ್ಕೂ ಬೇರೆ ಪದ. ಮುಖ್ಯವಾದ ಸೂಚನೆಗೆ ಬರೀ "ಓಕೆ" ಅಂದರೆ ಸಾಲದು, ಸೂಚನೆಯನ್ನೇ ತಿರುಗಿ ಹೇಳಬೇಕು.

ಅಕೌಂಟ್ಸ್ ಸೆಕ್ಷನ್

ಅಪಘಾತದ ಕಥೆ ಸರಿ. ಆದರೆ ಆಫೀಸು ವಿಮಾನವಲ್ಲ, ಆಸ್ಪತ್ರೆಯೂ ಅಲ್ಲ. ಪ್ರತಿ ಮಾತಿಗೂ "ನಾನು ಹೇಳಿದ್ದನ್ನ ತಿರುಗಿ ಹೇಳಿ" ಅಂದರೆ ಎದುರಿನವರಿಗೆ ಅವಮಾನ ಅನ್ನಿಸುತ್ತದೆ. ನನಗೆ 22 ವರ್ಷ ಸರ್ವಿಸ್ ಆಗಿದೆ. ನನ್ನ ಅರ್ಧ ವಯಸ್ಸಿನವರು ಬಂದು ಹೀಗೆ ಕೇಳಿದರೆ ನನಗಂತೂ ಇಷ್ಟ ಆಗಲ್ಲ. "ಅರ್ಥ ಆಯ್ತಾ?" ಅಂತ ಕೇಳಿದರೆ ಸಾಲದಾ?

ತರಬೇತಿ ಕೊಡುವವಳು

ಅಕೌಂಟ್ಸ್ ಸೆಕ್ಷನ್ ಅವರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಉತ್ತರ ಯಾವಾಗಲೂ "ಹೂಂ". ಅರ್ಥವಾದವರೂ ಹೂಂ ಅನ್ನುತ್ತಾರೆ, ಆಗದವರೂ ಅನ್ನುತ್ತಾರೆ. ತಪ್ಪಾಗಿ ಅರ್ಥ ಮಾಡಿಕೊಂಡವರು ಎಲ್ಲರಿಗಿಂತ ಗಟ್ಟಿಯಾಗಿ ಅನ್ನುತ್ತಾರೆ, ಯಾಕೆಂದರೆ ತಮಗೆ ಅರ್ಥವಾಗಿದೆ ಅಂತ ಅವರಿಗೆ ಪೂರ್ತಿ ನಂಬಿಕೆ. ಇನ್ನೊಂದು ವಿಷಯ ನೋಡಿ. ನಾವು ಮಾತಿನ ಮಧ್ಯೆ ಹೂಂಗುಟ್ಟುವುದು "ಕೇಳಿಸಿಕೊಳ್ತಾ ಇದ್ದೀನಿ, ಮುಂದೆ ಹೇಳಿ" ಅಂತ. ಹೇಳುವವರು ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತಾರೆ. "ಮೀಟಿಂಗಿನಲ್ಲಿ ನೀವೇ ಹೂಂ ಅಂದ್ರಲ್ಲ" ಅನ್ನುವ ಜಗಳ ಎಷ್ಟು ಸಲ ಕೇಳಿಲ್ಲ ನಾವು!

ಅವಮಾನ ಆಗದ ಹಾಗೆ ಕೇಳುವ ದಾರಿ ಇದೆ. ಪರೀಕ್ಷೆಯನ್ನು ಎದುರಿನವರಿಗಲ್ಲ, ನಿಮ್ಮ ಮಾತಿಗೆ ಇಡಿ. "ನಾನು ಅವಸರದಲ್ಲಿ ಹೇಳಿದೆ, ಏನಾದರೂ ಬಿಟ್ಟಿದ್ದೀನಾ ನೋಡೋಣ. ನೀವು ಯಾವುದರಿಂದ ಶುರು ಮಾಡ್ತೀರಿ?" ಅಂತ ಕೇಳಿ. ಅವರು ಮೊದಲ ಎರಡು ಹೆಜ್ಜೆ ಹೇಳುವಷ್ಟರಲ್ಲಿ ನಿಮಗೆ ಗೊತ್ತಾಗುತ್ತದೆ. ಡಾಕ್ಟರುಗಳಿಗೆ ರೋಗಿಗಳ ಹತ್ತಿರ ಹೀಗೆಯೇ ಕೇಳಬೇಕು ಅಂತ ಕಲಿಸುತ್ತಾರೆ. "ಮಾತ್ರೆ ಹೇಗೆ ತಗೊಳ್ಳೋದು, ಗೊತ್ತಾಯ್ತಾ?" ಅಂತಲ್ಲ. "ನಾನು ಸರಿಯಾಗಿ ಹೇಳಿದೀನಾ ಗೊತ್ತಾಗಬೇಕು, ಮನೆಗೆ ಹೋಗಿ ಇದನ್ನ ಹೇಗೆ ತಗೋತೀರಾ ಹೇಳಿ" ಅಂತ.

ಇನ್ನೊಂದು: ಎಲ್ಲಕ್ಕೂ ಹೀಗೆ ಬೇಡ. ತಪ್ಪಿದರೆ ವಾಪಸ್ ತರಲಾಗದ ಕೆಲಸಕ್ಕೆ, ದಿನಾಂಕಕ್ಕೆ, ಮೊತ್ತಕ್ಕೆ, "ಯಾರು ಮಾಡಬೇಕು" ಅನ್ನುವುದಕ್ಕೆ ಸಾಕು.

ಅಕೌಂಟ್ಸ್ ಸೆಕ್ಷನ್

"ಯಾವುದರಿಂದ ಶುರು ಮಾಡ್ತೀರಿ" ಅಂತ ಕೇಳಿದರೆ ನನಗೆ ಬೇಸರ ಆಗಲ್ಲ. ಒಪ್ಪಿದೆ.

ಶಿಫ್ಟ್ ಇಂಜಿನಿಯರ್

ನಾನು ಪ್ಲಾಂಟಿನಲ್ಲಿ ಪಾಳಿ ಕೆಲಸ ಮಾಡುವವನು. ಮೇಡಂ, ನಿಮ್ಮ ಫೈಲು ರಾತ್ರಿಯಿಡೀ ಫೋಲ್ಡರಿನಲ್ಲಿ ಕೂತಿತ್ತು ಅಂದಿರಲ್ಲ, ಅದು ನನಗೆ ಬೇರೊಂದನ್ನು ನೆನಪಿಸಿತು.

ಪೈಪರ್ ಆಲ್ಫಾ ಅಂತ ಉತ್ತರ ಸಮುದ್ರದಲ್ಲಿ ಒಂದು ತೈಲ ವೇದಿಕೆ ಇತ್ತು. 1988ರ ಜುಲೈ 6. ಹಗಲು ಪಾಳಿಯಲ್ಲಿ ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ಕೆಲಸ ಅವತ್ತು ಮುಗಿಯಲಿಲ್ಲ. ವಾಲ್ವ್ ಇದ್ದ ಜಾಗಕ್ಕೆ ತಾತ್ಕಾಲಿಕವಾಗಿ ಮುಚ್ಚಳ ಹಾಕಿ ಬಿಟ್ಟರು. ಪಾಳಿ ಬದಲಾಯಿತು. ರಾತ್ರಿ ಇನ್ನೊಂದು ಪಂಪ್ ನಿಂತುಹೋಯಿತು. ರಾತ್ರಿ ಪಾಳಿಯವರಿಗೆ ಮೊದಲ ಪಂಪಿನ ದೊಡ್ಡ ರಿಪೇರಿ ಇನ್ನೂ ಶುರುವಾಗಿಲ್ಲ ಅಂತ ಗೊತ್ತಿತ್ತು. ವಾಲ್ವ್ ಬಿಚ್ಚಿರುವುದು ಗೊತ್ತಿರಲಿಲ್ಲ. ರಿಪೇರಿಯ ಕಾಗದ ಬೇರೆ, ವಾಲ್ವ್ ಕೆಲಸದ ಕಾಗದ ಬೇರೆ. ಪಂಪ್ ಚಾಲೂ ಮಾಡಿದರು. ಅನಿಲ ಸೋರಿ ಹತ್ತಿಕೊಂಡಿತು. 167 ಜನ ಹೋದರು.

ಕಾಗದದಲ್ಲಿ ವಿಷಯ ಇತ್ತು, ಗೊತ್ತಾಗಬೇಕಾದವರಿಗೆ ಮುಟ್ಟಲಿಲ್ಲ. ಫೋಲ್ಡರಿನಲ್ಲಿ ಫೈಲ್ ಹಾಕಿ ಸುಮ್ನೆ ಮನೆಗೆ ಹೋಗುವುದೂ ಅಂಥದ್ದೇ ಅಲ್ವಾ?

ನಮ್ಮ ಪಾಳಿಯಲ್ಲಿ ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಚಾರ್ಜ್ ಕೊಡುವಾಗ ಲಾಗ್‌ಬುಕ್ ಮುಂದಿಟ್ಟು ಕೂತು ಮಾತಾಡುವುದಿಲ್ಲ. ಲಾಗ್‌ಬುಕ್ ಕೈಯಲ್ಲಿ ಹಿಡಿದು ಮೆಷಿನ್ ಹತ್ತಿರ ಇಬ್ಬರೂ ನಡೆದು ಹೋಗುತ್ತೇವೆ. ಮೊದಲು ಹೇಳುವುದು ಮುಗಿದ ಕೆಲಸದ ಬಗ್ಗೆ ಅಲ್ಲ, ಅರ್ಧ ಉಳಿದಿರುವುದರ ಬಗ್ಗೆ. "ಇದು ಬಿಚ್ಚಿದೆ, ಮುಟ್ಟಬೇಡ. ಇದರ ಗೇಜ್ ಸರಿಯಿಲ್ಲ, ನಂಬಬೇಡ. ಇಲ್ಲಿ 2 ಗಂಟೆಗೆ ಇನ್ನೊಂದು ಸಲ ನೋಡು." ಬಂದವನು ಆ ಜಾಗವನ್ನು ಕೈಯಿಂದ ತೋರಿಸಿ "ಇದೇ ತಾನೇ?" ಅಂತ ಕೇಳುತ್ತಾನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಮನೆಗೆ ಹೋಗುವ ಅವಸರದಲ್ಲಿ ಆ ಹತ್ತು ನಿಮಿಷ ಬಹಳ ಉದ್ದ ಅನ್ನಿಸುತ್ತದೆ, ನಿಜ. ಆದರೂ ಬಿಡುವುದಿಲ್ಲ.

ಮೊದಲ ಕೆಲಸ

ನಾನು ಆ "ಆಯ್ತು" ಅಂದ ಹುಡುಗನ ಜಾಗದಲ್ಲಿರುವವನು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿಲ್ಲ. ಒಂದು ಮಾತು ಹೇಳಲೇಬೇಕು.

ನಮಗೆ ತಿರುಗಿ ಕೇಳಬೇಕು ಅಂತ ಗೊತ್ತಿಲ್ಲದೆ ಅಲ್ಲ. ಕೇಳಲು ಹೆದರಿಕೆ. ಹೋದ ತಿಂಗಳು ನಾನು ನಮ್ಮ ಸೀನಿಯರ್ ಹತ್ತಿರ "ಸರ್, ಇದು ಯಾವ ಫಾರ್ಮ್ಯಾಟ್‌ನಲ್ಲಿ ಬೇಕು?" ಅಂತ ಕೇಳಿದೆ. "ಇಷ್ಟೂ ಗೊತ್ತಾಗಲ್ವಾ?" ಅಂದರು, ಎಲ್ಲರ ಎದುರಿಗೆ. ಅದಾದ ಮೇಲೆ ಅವರು ಏನೇ ಹೇಳಿದರೂ "ಆಯ್ತು ಸರ್" ಅನ್ನುತ್ತೇನೆ. ಸೀಟಿಗೆ ಬಂದು ಪಕ್ಕದವರನ್ನು ಕೇಳುತ್ತೇನೆ. ಅವರಿಗೂ ಗೊತ್ತಿಲ್ಲದಿದ್ದರೆ ಊಹೆ ಮಾಡುತ್ತೇನೆ. ಮೂರು ಸಲ ಊಹೆ ಸರಿಯಾಯಿತು, ಒಂದು ಸಲ ಎರಡು ದಿನದ ಕೆಲಸ ದಂಡ.

ಇಲ್ಲ ಅನ್ನಲೂ ಬರುವುದಿಲ್ಲ. "ನಾಳೆಗೆ ಆಗುತ್ತಾ?" ಅಂತ ಕೇಳುತ್ತಾರೆ. ಆಗಲ್ಲ ಅಂತ ಗೊತ್ತು. "ನೋಡ್ತೀನಿ ಸರ್" ಅನ್ನುತ್ತೇನೆ. ಅವರು ಆಗುತ್ತೆ ಅಂತ ಬರೆದುಕೊಳ್ಳುತ್ತಾರೆ.

ರನ್‌ವೇ

"ಮೊದಲ ಕೆಲಸ" ಅವರೇ, ನೀವು ಬರೆದದ್ದು ಈ ಚರ್ಚೆಯ ಮುಖ್ಯ ವಿಷಯ. ಟೆನೆರೀಫ್ ಬಗ್ಗೆ ನಾನು ಅರ್ಧ ಮಾತ್ರ ಹೇಳಿದ್ದೆ. ಕೆಎಲ್ಎಂ ವಿಮಾನ ಓಡುತ್ತಿದ್ದಾಗ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿಯೂ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಆ ಕ್ಯಾಪ್ಟನ್ ಕಂಪನಿಯಲ್ಲಿ ಬಹಳ ಹಿರಿಯರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಇಂಜಿನಿಯರ್ ಎರಡನೇ ಸಲ ಕೇಳಲಿಲ್ಲ.

ನಿಮ್ಮ "ನೋಡ್ತೀನಿ ಸರ್" ತರಹದ್ದೂ ಒಂದಿದೆ. 1990ರ ಜನವರಿ 25ರಂದು ಏವಿಯಾಂಕಾ 52 ಅನ್ನುವ ವಿಮಾನ ನ್ಯೂಯಾರ್ಕ್ ಹತ್ತಿರ ಬಹಳ ಹೊತ್ತು ಗಾಳಿಯಲ್ಲೇ ಕಾಯಬೇಕಾಯಿತು. ಇಂಧನ ಮುಗಿಯುತ್ತಾ ಬಂದಿದೆ ಅಂತ ಸಿಬ್ಬಂದಿ ಹೇಳಿದರು. "ತುರ್ತು ಪರಿಸ್ಥಿತಿ" ಅನ್ನುವ ಪದ ಮಾತ್ರ ಹೇಳಲಿಲ್ಲ. ಆ ಪದ ಬಂದಿದ್ದರೆ ಕಂಟ್ರೋಲರ್‌ಗಳು ಉಳಿದವರನ್ನೆಲ್ಲ ಬದಿಗೆ ಸರಿಸಿ ದಾರಿ ಬಿಡುತ್ತಿದ್ದರು. ಮೆತ್ತಗೆ ಹೇಳಿದ್ದರಿಂದ ಅದು ಎಲ್ಲ ವಿಮಾನಗಳ ಮಾಮೂಲಿ ಮಾತಿನ ಹಾಗೆ ಕೇಳಿಸಿತು. ವಿಮಾನ ಬಿತ್ತು, 73 ಜನ ಸತ್ತರು. ವಿಷಯ ಹೇಳಿದ್ದರು, ಎಷ್ಟು ತೀವ್ರ ಅಂತ ಹೇಳಲಿಲ್ಲ.

ಇಂಥ ಅಪಘಾತಗಳ ನಂತರ ಕಿರಿಯರು ಹೇಗೆ ದನಿ ಎತ್ತಬೇಕು, ಹಿರಿಯರು ಹೇಗೆ ಕಿವಿಗೊಡಬೇಕು ಅನ್ನುವುದೇ ಪೈಲಟ್‌ಗಳಿಗೆ ಒಂದು ತರಬೇತಿಯಾಯಿತು. ಎರಡೂ ಕಡೆಗೆ ಪಾಠ, ಬರೀ ಕಿರಿಯರಿಗಲ್ಲ.

ರಾತ್ರಿ ಪಾಳಿ

ಹೌದು. ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಟೀಮುಗಳನ್ನು ನೋಡಿದಾಗ ಇದೇ ಕಂಡದ್ದು. ಒಳ್ಳೆಯ ಟೀಮುಗಳಲ್ಲಿ ತಪ್ಪು ಕಡಿಮೆ ಇರಬಹುದು ಅಂತ ಹೊರಟರೆ, ಅಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಆಮೇಲೆ ಗೊತ್ತಾಯಿತು, ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮುಚ್ಚಿಡದೆ ಹೇಳುತ್ತಿದ್ದರು ಅಂತ. ಹೆದರಿಕೆ ಇದ್ದ ಕಡೆ ತಪ್ಪುಗಳು ದಾಖಲೆಗೇ ಬರುತ್ತಿರಲಿಲ್ಲ.

ಕಿರಿಯರಿಗೆ ಹೇಳಲು ಅನುಕೂಲ ಆಗಲಿ ಅಂತ ನಮ್ಮಲ್ಲಿ ಒಂದು ಕ್ರಮ ಇದೆ. ಮೊದಲು ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಬಳಸುತ್ತಿದ್ದದ್ದು, ಆಮೇಲೆ ಆಸ್ಪತ್ರೆಗೆ ಬಂತು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಇಷ್ಟೇ. ಆ ಕೊನೆಯದು ಮುಖ್ಯ. "ಸರ್, ಬಿಪಿ ಇಳೀತಾ ಇದೆ" ಅಂತ ನಿಲ್ಲಿಸುವುದಿಲ್ಲ. "ನೀವು ಈಗಲೇ ಬಂದು ನೋಡಬೇಕು" ಅನ್ನುತ್ತೇವೆ. "ಮೊದಲ ಕೆಲಸ" ಅವರೇ, ನೀವೂ "ನೋಡ್ತೀನಿ ಸರ್" ಬದಲು ಹೀಗೆ ಹೇಳಿ ನೋಡಿ: "ಸರ್, ಕೈಯಲ್ಲಿ ಎರಡು ಕೆಲಸ ಇದೆ. ಇದನ್ನ ನಾಳೆಗೆ ಕೊಡಬೇಕು ಅಂದ್ರೆ ಇನ್ನೊಂದು ಗುರುವಾರಕ್ಕೆ ಹೋಗುತ್ತೆ. ಯಾವುದು ಮೊದಲು ಬೇಕು, ನೀವೇ ಹೇಳಿ." ಇದರಲ್ಲಿ "ಆಗಲ್ಲ" ಅನ್ನುವ ಪದವೇ ಇಲ್ಲ. ಆದರೆ ಆಗಲ್ಲ ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಸ್ಲೈಡ್ ಶೋ

ಇಷ್ಟು ಹೊತ್ತು ಪದಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ತರಬೇತಿಯಲ್ಲಿ ಹೇಳಿದ ಪ್ರಕಾರ ಮಾತಿನಲ್ಲಿ ಪದಗಳ ಪಾಲು ಬರೀ 7%. ಉಳಿದ 93% ದನಿ ಮತ್ತು ಹಾವಭಾವ. ಆದ್ದರಿಂದ ಚಾಟ್ ಬಿಟ್ಟು ಎದುರಿಗೆ ಹೋಗಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆ.

ತರಬೇತಿ ಕೊಡುವವಳು

ಈ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ. ನಾನೂ ಮೊದಮೊದಲು ಇದನ್ನೇ ಹೇಳಿಕೊಡುತ್ತಿದ್ದೆ, ಮೂಲ ಓದಿದ ಮೇಲೆ ನಿಲ್ಲಿಸಿದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಬಂದದ್ದು ಇದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರಿಗೆ ಎದುರಿನವರ ಮೇಲೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸಲು ಹೇಳಿದ್ದರು. ಪದ ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ದನಿಯನ್ನು ನಂಬುತ್ತಾರೆ. ಅಷ್ಟೇ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. "ಫೈಲ್ 10 ಗಂಟೆಗೆ ಕಳಿಸಿ" ಅನ್ನುವುದರಲ್ಲಿ ಪದ ಬರೀ 7% ಆದರೆ, ಹತ್ತು ಅನ್ನುವುದು ಮುಖ ನೋಡಿ ಗೊತ್ತಾಗುತ್ತಾ?

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಬರೆದದ್ದರಲ್ಲಿ ದನಿ ಸಿಗುವುದಿಲ್ಲ, ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. 2005ರಲ್ಲಿ ಪ್ರಕಟವಾದ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ಮಾತು ವ್ಯಂಗ್ಯವೋ ನಿಜವೋ ಅನ್ನುವುದು ಓದುವವರಿಗೆ ಸುಮಾರು 78% ಸಲ ಗೊತ್ತಾಗುತ್ತದೆ ಅಂತ ನಂಬಿದ್ದರು. ಗೊತ್ತಾಗಿದ್ದು 56%. ನಾಣ್ಯ ಚಿಮ್ಮಿ ಹೇಳಿದರೂ ಅರ್ಧ ಸರಿಯಾಗುತ್ತದೆ. ಹಾಗಾಗಿ ಬೇಸರ, ತಪ್ಪು ತೋರಿಸುವುದು, ಗದರುವುದು, ಇವನ್ನೆಲ್ಲ ಎದುರಿಗೆ ಅಥವಾ ಫೋನಿನಲ್ಲಿ ಮಾಡಿ. ದಿನಾಂಕ, ಮೊತ್ತ, ಹೆಸರು ಬರಹದಲ್ಲಿ ಇರಲಿ. ಎರಡೂ ಇದ್ದರೆ, ಮಾತಾಡಿ ಆಮೇಲೆ ಎರಡು ಸಾಲು ಬರೆದು ಕಳಿಸಿ.

ಹೊಸ ಟೀಮ್ ಲೀಡ್

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. "ಮೊದಲ ಕೆಲಸ" ಅವರು ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹುಡುಗನೂ ನನ್ನ ಹತ್ತಿರ ಕೇಳಲು ಹೆದರಿದ್ದನೋ ಏನೋ.

ನನ್ನ ಹಳೇ ಮೆಸೇಜನ್ನು ಮತ್ತೆ ತೆಗೆದು ನೋಡಿದೆ. "ಕಸ್ಟಮರ್‌ಗೆ ಹೋಗಬೇಕು." ಯಾರು ಕಳಿಸಬೇಕು ಅಂತ ಅದರಲ್ಲಿ ಇಲ್ಲವೇ ಇಲ್ಲ! ನಮ್ಮ ಮಾತಿನಲ್ಲಿ ಕರ್ತೃ ಬಿಟ್ಟು ಹೇಳುವುದು ಎಷ್ಟು ಸುಲಭ ಅಲ್ವಾ? ಕಳಿಸಬೇಕು, ಮಾಡಬೇಕು, ಹೋಗಬೇಕು. ನನ್ನ ತಲೆಯಲ್ಲಿ "ನೀವು" ಇತ್ತು, ಅವನ ತಲೆಯಲ್ಲಿ "ಮೇಡಂ" ಇತ್ತು. ಇಬ್ಬರೂ ಅವರವರ ಪ್ರಕಾರ ಸರಿಯಾಗಿಯೇ ಓದಿದ್ದೇವೆ. ಮೀಟಿಂಗುಗಳಲ್ಲೂ ಇದೇ ನಡೆಯುತ್ತದೆ ಅಂತ ಈಗ ಕಾಣುತ್ತಿದೆ. "ಇದನ್ನ ಸ್ವಲ್ಪ ನೋಡ್ಬೇಕು" ಅಂತ ಯಾರೋ ಹೇಳುತ್ತಾರೆ, ಎಲ್ಲರೂ ಹೂಂ ಅಂತ ಎದ್ದು ಹೋಗುತ್ತಾರೆ.

ನಾಳೆ ಅವನ ಹತ್ತಿರ ಮಾತಾಡುತ್ತೇನೆ. ಮ್ಯಾನೇಜರ್ ಹತ್ತಿರವೂ.

ಶಿಫ್ಟ್ ಇಂಜಿನಿಯರ್

ಮೊದಲು ಮ್ಯಾನೇಜರ್ ಹತ್ತಿರ ಹೋಗಿ ಮೇಡಂ. ಹುಡುಗನ ಮೇಲಿನ ಸೋಮಾರಿ ಅನ್ನುವ ಹೆಸರು ಹೋಗಬೇಕು. ಅದನ್ನು ಅವನೇ ಹೇಳಿಕೊಳ್ಳಲು ಆಗುವುದಿಲ್ಲ.

ಹೊಸ ಟೀಮ್ ಲೀಡ್

ಮೂರು ವಾರ ಆಯಿತು. ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ.

ಮ್ಯಾನೇಜರ್‌ಗೆ ಆ ಮೆಸೇಜ್ ತೋರಿಸಿಯೇ ಹೇಳಿದೆ: "ಸರ್, ಫೈಲ್ ಅವತ್ತೇ 7 ಗಂಟೆಗೆ ಸಿದ್ಧ ಇತ್ತು. ಯಾರು ಕಳಿಸಬೇಕು ಅಂತ ನಾನು ಬರೆದಿರಲಿಲ್ಲ. ಹೋಗಿದೆ ಅಂತ ನೋಡದೆ ನಿಮಗೆ ಹೇಳಿದ್ದೂ ನಾನೇ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನನ್ನು ಕರೆದು ತಾವೇ ಮಾತಾಡಿದರು.

ಟೀಮಿನಲ್ಲಿ "ಆಯ್ತು" ನಿಲ್ಲಿಸಿದ್ದೇವೆ. ಮೂರು ಪದ ಇಟ್ಟುಕೊಂಡಿದ್ದೇವೆ. ಮೆಸೇಜ್ ಓದಿದರೆ "ನೋಡಿದೆ". ಕೈಗೆತ್ತಿಕೊಂಡರೆ "ಶುರು". ಮುಗಿದರೆ "ಮುಗೀತು", ಜೊತೆಗೆ ಎಲ್ಲಿದೆ, ಯಾರಿಗೆ ಹೋಯಿತು ಅಂತ ಒಂದು ಸಾಲು. ಮೊದಲ ವಾರ ಎಲ್ಲರೂ ಮರೆಯುತ್ತಿದ್ದರು, ನಾನೂ ಸೇರಿ. ಈಗ ರೂಢಿ ಆಗಿದೆ. ನನ್ನ ಮೆಸೇಜ್ ಈಗ ಹೀಗಿರುತ್ತದೆ: "ಕೊನೆಯ ಎರಡು ಕಾಲಂ ನೀವು ತಿದ್ದಿ. ಸಂಜೆ 5ರೊಳಗೆ ಕಸ್ಟಮರ್‌ಗೆ ನೀವೇ ಮೇಲ್ ಮಾಡಿ, ನನಗೆ ಕಾಪಿ ಇರಲಿ. 4ಕ್ಕೆ ಮುಗಿಯಲ್ಲ ಅನ್ನಿಸಿದರೆ ಆಗಲೇ ಫೋನ್ ಮಾಡಿ." ಉದ್ದವೇ. ಆದರೆ ಮತ್ತೆ ಕೇಳುವ, ಹುಡುಕುವ ಕೆಲಸ ತಪ್ಪಿದೆ.

ಪ್ರಶ್ನೆ ಕೇಳಿದವರಿಗೆ ಮೊದಲು "ಒಳ್ಳೇದಾಯ್ತು ಕೇಳಿದ್ದು" ಅನ್ನುತ್ತೇನೆ, ಆಮೇಲೆ ಉತ್ತರ. ಇದು ನನಗೆ ಕಷ್ಟವಾದದ್ದು. ಕೆಲಸದ ಒತ್ತಡ ಇದ್ದಾಗ ಮುಖದಲ್ಲೇ ಸಿಟ್ಟು ಕಾಣುತ್ತದೆ. ಇನ್ನೂ ಕಲಿಯುತ್ತಿದ್ದೇನೆ.

ಮೊದಲ ಕೆಲಸ

ಮೇಡಂ, ಆ ಹುಡುಗ ಈಗ ಕೇಳುತ್ತಾನಾ?

ಹೊಸ ಟೀಮ್ ಲೀಡ್

ಮೊನ್ನೆ ನಾನು ಅವಸರದಲ್ಲಿ "ಇದು ನಾಳೆಗೆ ಬೇಕು" ಅಂತ ಹೇಳಿ ಹೊರಟೆ. ಬಾಗಿಲ ತನಕ ಹಿಂದೆಯೇ ಬಂದು ಕೇಳಿದ: "ಮೇಡಂ, ನಾಳೆ ಅಂದ್ರೆ ಬೆಳಗ್ಗೆ ನೀವು ಬರೋ ಹೊತ್ತಿಗಾ, ಸಂಜೆಗಾ?" ನನಗೂ ಗೊತ್ತಿರಲಿಲ್ಲ. ಅಲ್ಲೇ ನಿಂತು ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಿದೆ. ಬೆಳಗ್ಗೆ 11.